ಪದಚರ್ಚೆ: ನೇಪಾಳದ ಲೋಕ್ತಾ ಕಾಗದ – ತಿರುಳು, ಕೈಕಾಗದ, ಕೂಳೆ, ರಫ್ತು

ಎಲ್ಲರಿಗೂ ನಮಸ್ಕಾರ.

ನೇಪಾಳದಲ್ಲಿ ಕೈಯಿಂದ ತಯಾರಾಗುವ ಕಾಗದ ಹೊರದೇಶಗಳಿಗೆ ಹೋಗುವುದು ಹೇಗೆ ಬೆಳೆಯಿತು ಅನ್ನುವುದರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮಾಹಿತಿ ಬೇಕಾದಷ್ಟಿದೆ. ಪದಗಳ ಹತ್ತಿರ ಬಂದಾಗ ಕೈ ನಿಲ್ಲುತ್ತಿದೆ. ಇಲ್ಲಿ ಪದ ತಪ್ಪಿದರೆ ಆ ಕಾಗದ ಯಾವುದರಿಂದ ಆಗುತ್ತದೆ, ದುಡ್ಡು ಯಾರ ಕೈ ಸೇರುತ್ತದೆ ಅನ್ನುವುದೂ ತಪ್ಪಾಗಿಬಿಡುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ಓದಿ ಹೇಳಿ.

ಮೊದಲು ಈ ಕಾಗದಕ್ಕೆ ನಾರು ಕೊಡುವ ಗಿಡದ ಹೆಸರು. ನೇಪಾಳಿಯಲ್ಲಿ ಅದು 'ಲೋಕ್ತಾ'. ಇಂಗ್ಲಿಷ್ ಅಕ್ಷರ ನೋಡಿಕೊಂಡು ಬರೆಯುವವರು 'ಲೋಕ್ಟಾ' ಮಾಡುತ್ತಾರೆ. ದೇವನಾಗರಿಯಲ್ಲಿ ಇರುವುದು ತ-ಕಾರವೇ, ನಾವೂ ಹಾಗೇ ಬರೆದರೆ ಆಯಿತು. ಡ್ಯಾಫ್ನೆ ಭೋಲುವಾ, ಡ್ಯಾಫ್ನೆ ಪ್ಯಾಪಿರೇಸಿಯಾ ಅನ್ನುವ ಎರಡು ಜಾತಿಗಳಿಗೂ ಅಲ್ಲಿನವರು ಲೋಕ್ತಾ ಅಂತಲೇ ಹೇಳುತ್ತಾರೆ. ಸುಮಾರು 1600ರಿಂದ 4000 ಮೀಟರ್ ಎತ್ತರದ ಬೆಟ್ಟಕಾಡಿನಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಪೊದೆ ಇದು. ಆದರೆ ಕಾಗದವನ್ನು ಅಲ್ಲಿನ ಜನ 'ನೇಪಾಳಿ ಕಾಗಜ್' ಅಂತಲೇ ಕರೆಯುವುದು ರೂಢಿ. ಜಮೀನಿನ ಪತ್ರ, ಸಾಲಪತ್ರ, ಸರಕಾರಿ ದಾಖಲೆ, ಉದ್ದಕ್ಕೆ ಸುರುಳಿ ಸುತ್ತಿಡುವ ಜಾತಕ, ಎಲ್ಲವನ್ನೂ ಇದರ ಮೇಲೆ ಬರೆಯುತ್ತಿದ್ದರು. ಸುಲಭಕ್ಕೆ ಹರಿಯುವುದಿಲ್ಲ, ಹುಳವೂ ಬೇಗ ಹತ್ತುವುದಿಲ್ಲ. 'ಲೋಕ್ತಾ ಕಾಗದ' ಅನ್ನುವುದು ಹೆಚ್ಚಾಗಿ ವ್ಯಾಪಾರದ ಹೆಸರು. ಲೇಖನದಲ್ಲಿ ಎರಡನ್ನೂ ಬಳಸುತ್ತೇನೆ. ದಾಖಲೆ, ಜಾತಕದ ಮಾತು ಬಂದಾಗ ನೇಪಾಳಿ ಕಾಗದ, ಮಾರಾಟದ ಮಾತು ಬಂದಾಗ ಲೋಕ್ತಾ ಕಾಗದ.

ಪ್ರವಾಸಿಗರಿಗೆ ಮಾರುವಾಗ ಇದಕ್ಕೆ 'ರೈಸ್ ಪೇಪರ್' ಅನ್ನುವುದೂ ಉಂಟು. ಅದನ್ನು ಯಾರೋ ಕನ್ನಡಕ್ಕೆ 'ಅಕ್ಕಿ ಕಾಗದ' ಅಂತ ತಂದಿದ್ದನ್ನೂ ಓದಿದ್ದೇನೆ. ಇದರಲ್ಲಿ ಅಕ್ಕಿಯ ಒಂದು ಕಾಳೂ ಇಲ್ಲ. ಈ ಪದವನ್ನು ದಯವಿಟ್ಟು ಯಾರೂ ಬಳಸಬೇಡಿ.

ಇನ್ನು 'ಹ್ಯಾಂಡ್‌ಮೇಡ್ ಪೇಪರ್'. ಪತ್ರಿಕೆಗಳಲ್ಲಿ 'ಹಸ್ತನಿರ್ಮಿತ ಕಾಗದ' ಅಂತ ಬರುತ್ತದೆ. ಅರ್ಥ ಸರಿ, ಆದರೆ ಮಾತಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಕೈಮಗ್ಗ ಇದೆಯಲ್ಲ, ಅದೇ ದಾರಿಯಲ್ಲಿ 'ಕೈಕಾಗದ' ಅನ್ನೋಣ ಅನ್ನಿಸುತ್ತದೆ. ಚಿಕ್ಕದು, ಚೊಕ್ಕದು. ಒಂದು ತೊಡಕಿದೆ. 'ಕೈ' ಸೇರಿದ ನಮ್ಮ ಪದಗಳು ಒಂದೇ ಥರ ಇಲ್ಲ. ಕೈಬರಹ ಅಂದರೆ ಕೈಯಿಂದ ಬರೆದದ್ದು. ಕೈಚೀಲ ಅಂದರೆ ಕೈಯಲ್ಲಿ ಹಿಡಿದುಕೊಳ್ಳುವುದು. ಕೈಸಾಲ ಅಂದರೆ ಬರಹ, ಸಾಕ್ಷಿ ಏನೂ ಇಲ್ಲದೆ ಕೊಡುವ ಸಣ್ಣ ಸಾಲ. ಈ ಕೊನೆಯ ಅರ್ಥ ನನ್ನನ್ನು ಕಾಡುತ್ತಿದೆ. 'ಕೈಕಾಗದ' ಓದಿದವರಿಗೆ ಕೈಚೀಟಿ ನೆನಪಾಗಿ, ಯಾರೋ ಬರೆದುಕೊಟ್ಟ ತುಂಡು ಕಾಗದ ಅನ್ನಿಸಬಹುದು ಅಲ್ವಾ? ಮೇಲಾಗಿ ಕನ್ನಡದಲ್ಲಿ ಕಾಗದ ಅಂದರೆ ಪತ್ರವೂ ಹೌದು. 'ನೇಪಾಳದಿಂದ ಹೋಗುವ ಕಾಗದಗಳು ಜಾಸ್ತಿಯಾಗಿವೆ' ಅಂತ ಬರೆದರೆ ಅಂಚೆಯ ಸುದ್ದಿ ಆಗುತ್ತದೆ. ಸದ್ಯಕ್ಕೆ ಮೊದಲ ಸಲ 'ಕೈಯಿಂದ ಮಾಡಿದ ಕಾಗದ' ಅಂತ ಬಿಡಿಸಿ ಹೇಳಿ, ಆಮೇಲೆ 'ಕೈಕಾಗದ' ಬಳಸುವ ಯೋಚನೆ ಇದೆ.

ನಿಜವಾದ ಕಗ್ಗಂಟು 'ಪಲ್ಪ್'. ಶಾಲೆಯ ಪುಸ್ತಕಗಳಿಂದ ಹಿಡಿದು ಸುದ್ದಿಯವರೆಗೆ ಎಲ್ಲ ಕಡೆ 'ತಿರುಳು' ಅಂತಲೇ ಇದೆ. ಮರದ ತಿರುಳು, ಕಾಗದದ ತಿರುಳು. ಹಣ್ಣಿನ ವಿಷಯಕ್ಕೆ ಅದು ಸರಿ. ತಿರುಳು ಅಂದರೆ ಒಳಗಿನ ಸಾರ, ನಡುವಿನ ಭಾಗ. ಲೋಕ್ತಾದಲ್ಲಿ ಆಗುವುದು ಇದರ ತದ್ವಿರುದ್ಧ. ಕಾಂಡದ ನಡುವಿನ ಕಟ್ಟಿಗೆ ಕಾಗದಕ್ಕೆ ಬರುವುದೇ ಇಲ್ಲ. ಬೇಕಾಗಿರುವುದು ಹೊರಗಿನ ತೊಗಟೆ, ಅದರಲ್ಲೂ ಕಪ್ಪು ಸಿಪ್ಪೆ ಹೆರೆದ ಮೇಲೆ ಸಿಗುವ ಬಿಳಿ ಒಳತೊಗಟೆಯ ನಾರು. 'ಲೋಕ್ತಾದ ತಿರುಳಿನಿಂದ ಕಾಗದ ಮಾಡುತ್ತಾರೆ' ಅಂತ ಬರೆದರೆ ಓದುವವರು ಬಿಸಾಡುವ ಭಾಗವನ್ನೇ ಕಣ್ಣಮುಂದೆ ತಂದುಕೊಳ್ಳುತ್ತಾರೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಪದ ಹುಡುಕಲು ಅನುಕೂಲ. ತೊಗಟೆಯನ್ನು ನೀರಿನಲ್ಲಿ ನೆನೆಹಾಕಿ, ಚಾಕುವಿನಿಂದ ಹೊರಸಿಪ್ಪೆ ಹೆರೆಯುತ್ತಾರೆ. ಆಮೇಲೆ ಬೇಯಿಸುವುದು. ಹಿಂದೆ ಕಟ್ಟಿಗೆಯ ಬೂದಿನೀರಿನಲ್ಲಿ ಬೇಯಿಸುತ್ತಿದ್ದರು. ಕಠ್ಮಂಡುವಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಬ್ರಯಾನ್ ಹಾಡ್ಜ್‌ಸನ್ 1832ರಲ್ಲಿ ಈ ಕಾಗದ ಮಾಡುವ ಬಗೆಯನ್ನು ಬರೆದಿಟ್ಟಾಗ ಬೂದಿಯೇ ಬಳಕೆಯಲ್ಲಿತ್ತು. ಈಗ ಹೆಚ್ಚಿನ ಕಡೆ ಕಾಸ್ಟಿಕ್ ಸೋಡಾ ಬಂದಿದೆ. ಬೆಂದ ನಾರನ್ನು ತೊಳೆದು, ಮರದ ಕೊಡತಿಯಿಂದ ಬಡಿಯುತ್ತಾರೆ, ಇಲ್ಲವೇ ಯಂತ್ರಕ್ಕೆ ಹಾಕುತ್ತಾರೆ. ಈ ಹಂತದಲ್ಲಿ ಅದು ಒದ್ದೆ ನಾರಿನ ಮುದ್ದೆ. ಅದನ್ನು ನೀರಿಗೆ ಹಾಕಿ ಕಲಕಿದರೆ ನಾರು ಎಳೆಎಳೆಯಾಗಿ ತೇಲುತ್ತದೆ. ಅಂದರೆ ಇಲ್ಲಿ ಎರಡು ಸ್ಥಿತಿ ಇವೆ, ಇಂಗ್ಲಿಷಿನಲ್ಲಿ ಎರಡಕ್ಕೂ ಪಲ್ಪ್ ಅನ್ನುತ್ತಾರೆ. ಗಟ್ಟಿಯಾಗಿರುವುದಕ್ಕೆ 'ನಾರುಮುದ್ದೆ' ಸಾಕು ಅನ್ನುವುದು ನನ್ನ ಅಭಿಪ್ರಾಯ. ನೀರಾಗಿರುವುದಕ್ಕೆ ಸ್ನೇಹಿತರೊಬ್ಬರು 'ನಾರುಗಂಜಿ' ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಬಟ್ಟೆಗೆ ಹಾಕುವುದೂ ಗಂಜಿಯೇ. ಕಾಗದಕ್ಕೆ ಗಂಜಿ ಅಂದಕೂಡಲೇ ಅಕ್ಕಿಯ ಅಂಟು ಹಾಕುತ್ತಾರೆ ಅನ್ನಿಸಿ, ಆ ರೈಸ್ ಪೇಪರ್ ಮತ್ತೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. 'ನಾರುನೀರು' ಅನ್ನಬಹುದೇ? ಬೇರೆ ಏನಾದರೂ ತೋಚಿದರೆ ಹೇಳಿ.

ಮುಂದಿನ ಹೆಜ್ಜೆಗೆ ಮಾತ್ರ ಕನ್ನಡದಲ್ಲಿ ಒಳ್ಳೆಯ ಕ್ರಿಯಾಪದ ಸಿಕ್ಕಿದೆ. ನೇಪಾಳದ ಹಳೆಯ ಪದ್ಧತಿಯಲ್ಲಿ ತೆಳುಬಟ್ಟೆ ಬಿಗಿದ ಮರದ ಚೌಕಟ್ಟನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಅಳತೆಯಷ್ಟು ನಾರುನೀರನ್ನು ಅದರೊಳಗೆ ಸುರಿದು, ಕೈಯಾಡಿಸಿ ಸಮ ಮಾಡುತ್ತಾರೆ. ನಿಧಾನವಾಗಿ ಎತ್ತಿದರೆ ನೀರು ಇಳಿದು ನಾರು ಬಟ್ಟೆಯ ಮೇಲೆ ಕೂರುತ್ತದೆ. ಅದನ್ನು ಚೌಕಟ್ಟಿನ ಸಮೇತ ಬಿಸಿಲಿಗೆ ಓರೆಯಾಗಿ ನಿಲ್ಲಿಸಿ, ಒಣಗಿದ ಮೇಲೆ ಹಾಳೆಯನ್ನು ಸುಲಿದು ತೆಗೆಯುತ್ತಾರೆ. ಜಪಾನಿನ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ಜಾಲರಿಯನ್ನೇ ತೊಟ್ಟಿಯಲ್ಲಿ ಅದ್ದಿ ಎತ್ತುತ್ತಾರೆ, ಹಸಿ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಒತ್ತಿ ಆಮೇಲೆ ಒಣಗಿಸುತ್ತಾರೆ. ನೇಪಾಳದಲ್ಲಿ ಈಗ ಎರಡೂ ಇವೆ. ಮೊದಲನೆಯದಕ್ಕೆ 'ಎರೆ', ಎರಡನೆಯದಕ್ಕೆ 'ಅದ್ದು'. ನೀರೆರೆ ಅನ್ನುತ್ತೇವೆ, ಲೋಹಕ್ಕೆ ಎರಕ ಅನ್ನುತ್ತೇವೆ. ಹಾಗಾದರೆ 'ಎರೆದ ಕಾಗದ', 'ಅದ್ದಿದ ಕಾಗದ' ಅಂತ ಬೇರೆಬೇರೆಯಾಗಿ ಹೇಳಲು ಅಡ್ಡಿ ಏನಿಲ್ಲ. ಈ ವ್ಯತ್ಯಾಸ ವ್ಯಾಪಾರಕ್ಕೂ ಮುಖ್ಯ. ಎರೆದ ಕಾಗದದಲ್ಲಿ ಒಂದು ಹಾಳೆಗೆ ಒಂದು ಚೌಕಟ್ಟು ಬೇಕೇ ಬೇಕು. ಹಾಳೆ ಒಣಗುವವರೆಗೆ ಆ ಚೌಕಟ್ಟು ಇನ್ನೊಂದಕ್ಕೆ ಸಿಗುವುದಿಲ್ಲ. ಎಷ್ಟೇ ದೊಡ್ಡ ಆರ್ಡರ್ ಬರಲಿ, ದಿನಕ್ಕೆ ಎಷ್ಟು ಹಾಳೆ ಆಗುತ್ತದೆ ಅನ್ನುವುದನ್ನು ಚೌಕಟ್ಟಿನ ಲೆಕ್ಕ ಮತ್ತು ಬಿಸಿಲು ತೀರ್ಮಾನಿಸುತ್ತವೆ. ಮಳೆಗಾಲದಲ್ಲಿ ಕೆಲಸ ಕುಂಟುತ್ತದೆ.

ಗಿಡ ಕೊಯ್ಯುವುದಕ್ಕೂ ಒಂದು ಪದ ಬೇಕಾಗಿದೆ. 'ಮರ ಕಡಿದು' ಅಂತ ಬರೆದರೆ ಓದುಗರಿಗೆ ಕಾಡು ನಾಶವಾದ ಚಿತ್ರ ಬರುತ್ತದೆ. ಲೋಕ್ತಾವನ್ನು ಸರಿಯಾಗಿ ಕೊಯ್ಯುವವರು ಬೇರು ಮುಟ್ಟದೆ, ನೆಲದಿಂದ ಸ್ವಲ್ಪ ಮೇಲೆ ಕಾಂಡ ಕತ್ತರಿಸುತ್ತಾರೆ. ಉಳಿದ ಬುಡ ಮತ್ತೆ ಚಿಗುರಿ, ಐದಾರು ವರ್ಷದಲ್ಲಿ ಮತ್ತೊಂದು ಕೊಯ್ಲಿಗೆ ಬರುತ್ತದೆ. ಗಿಡವನ್ನು ಬುಡಸಮೇತ ಕಿತ್ತರೆ ಅಲ್ಲಿಗೆ ಮುಗಿಯಿತು. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಬರುವ ಬೆಳೆಗೆ ಕನ್ನಡದಲ್ಲಿ 'ಕೂಳೆ' ಅಂತ ಚೆಂದದ ಪದ ಇದೆ. ಲೋಕ್ತಾಗೆ 'ಕೂಳೆ ಬಿಟ್ಟು ಕೊಯ್ಯುವುದು' ಅಂತ ಬರೆಯಬೇಕೆಂದಿದ್ದೇನೆ. 'ಸುಸ್ಥಿರ ಕೊಯ್ಲು' ಅನ್ನುವ ಪದದಲ್ಲಿ ಏನೂ ಕಾಣಿಸುವುದಿಲ್ಲ. ಕೂಳೆ ಅಂದರೆ ರೈತರಿಗೆ ತಕ್ಷಣ ಗೊತ್ತಾಗುತ್ತದೆ. ಪೊದೆಗೂ ಈ ಪದ ಒಪ್ಪುತ್ತದೆಯೇ, ಇಲ್ಲ ಪೈರಿಗೆ ಮಾತ್ರವೇ ಅಂತ ಬೇಸಾಯ ಬಲ್ಲವರು ಹೇಳಬೇಕು. ಈ ಗಿಡಗಳು ಇರುವ ಕಾಡಿನಲ್ಲಿ ಬಹಳಷ್ಟನ್ನು ಊರಿನವರ ಗುಂಪುಗಳೇ ನೋಡಿಕೊಳ್ಳುತ್ತವೆ. 1993ರ ಅರಣ್ಯ ಕಾಯ್ದೆ ಅವಕ್ಕೆ ಆ ಹಕ್ಕು ಕೊಟ್ಟಿತು. ನೇಪಾಳಿಯಲ್ಲಿ 'ಉಪಭೋಕ್ತಾ ಸಮೂಹ' ಅನ್ನುತ್ತಾರೆ. ನಮ್ಮಲ್ಲಿ ಉಪಭೋಕ್ತ ಅಂದರೆ ಗ್ರಾಹಕ ಅಂದುಕೊಳ್ಳುತ್ತಾರೆ, ಹಾಗಾಗಿ 'ಕಾಡು ಬಳಕೆದಾರರ ಸಂಘ' ಅಂತ ಮಾಡಿದ್ದೇನೆ.

ಈಗ 'ರಫ್ತು'. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಇರುವುದು ಈ ಪದದ ಬಗ್ಗೆ. ಟಿಬೆಟ್ ಜೊತೆಗಿನ ವ್ಯಾಪಾರ ಕಡಿದುಬಿದ್ದು, ಯಂತ್ರದ ಅಗ್ಗದ ಕಾಗದ ಬಂದ ಮೇಲೆ ನೇಪಾಳದ ಈ ಕಸುಬು ಸೊರಗಿತ್ತು. 1970ರ ನಂತರ ಪ್ರವಾಸಿಗರಿಂದ ಸ್ವಲ್ಪ ಜೀವ ಬಂತು. 1980ರ ದಶಕದಲ್ಲಿ ಯುನಿಸೆಫ್ ತನ್ನ ಶುಭಾಶಯ ಪತ್ರಗಳಿಗೆ ಈ ಕಾಗದ ಬಳಸುವ ಯೋಜನೆ ಹಾಕಿತು. ಹಳ್ಳಿಯಲ್ಲಿ ಹಾಳೆ ತಯಾರಿ, ಭಕ್ತಪುರದಲ್ಲಿ ಮುದ್ರಣ. ಬಾಗ್ಲುಂಗ್, ಪರ್ವತ್, ಮ್ಯಾಗ್ದಿ, ದೋಲಖಾ ಜಿಲ್ಲೆಗಳ ಹೆಸರು ಈ ಕಾಗದದ ಜೊತೆ ಸೇರಿಕೊಂಡಿದೆ. ಇವತ್ತು ಅಮೆರಿಕ, ಯುರೋಪು, ಜಪಾನಿಗೆ ನೋಟ್‌ಬುಕ್, ಕಾರ್ಡು, ದೀಪದ ಮುಸುಕು, ಉಡುಗೊರೆ ಸುತ್ತುವ ಹಾಳೆ ಹೋಗುತ್ತವೆ. 2010ರಲ್ಲಿ ನೇಪಾಳ ಸರಕಾರ ರಫ್ತಿಗೆ ಒತ್ತು ಕೊಡಬೇಕಾದ ಸರಕುಗಳ ಪಟ್ಟಿ ಮಾಡಿದಾಗ ಅದರಲ್ಲಿ ಕೈಕಾಗದವೂ ಇತ್ತು.

ಆದರೆ 'ಕಾಗದದ ರಫ್ತು' ಅಂದರೆ ಯಾವುದು? ಸುಂಕದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೈಯಿಂದ ಮಾಡಿದ ಹಾಳೆಗೆ 4802.10 ಅನ್ನುವ ಸಂಖ್ಯೆ ಇದೆ. ಅದೇ ಹಾಳೆ ನೋಟ್‌ಬುಕ್ ಆದರೆ 4820ಕ್ಕೆ ಹೋಗುತ್ತದೆ, ಶುಭಾಶಯ ಪತ್ರ ಆದರೆ 4909ಕ್ಕೆ. ನೇಪಾಳದ ರಫ್ತು ಉತ್ತೇಜನ ಕೇಂದ್ರ 'ನೇಪಾಳಿ ಕಾಗದ ಮತ್ತು ಕಾಗದದ ವಸ್ತುಗಳು' ಅಂತ ಒಟ್ಟಿಗೆ ಲೆಕ್ಕ ಕೊಡುತ್ತದೆ. ಇವೆರಡರ ಹೊರಗೆ ಇನ್ನೊಂದು ಇದೆ. ಅದು ಅರ್ಗೇಲಿ, ಜಪಾನಿನ ಮಿತ್ಸುಮಾತಾ ಗಿಡದ ಹತ್ತಿರದ ಬಂಧು. ಜಪಾನ್ ತನ್ನ ನೋಟುಗಳ ಕಾಗದಕ್ಕೆ ಮಿತ್ಸುಮಾತಾ ನಾರು ಬಳಸುತ್ತದೆ. ಅಲ್ಲಿ ಬೆಳೆಯುವವರು ಕಡಿಮೆಯಾದ್ದರಿಂದ ನೇಪಾಳದಿಂದ ಅರ್ಗೇಲಿಯ ತೊಗಟೆ ತರಿಸಿಕೊಳ್ಳುತ್ತದೆ. 2024ರ ಜುಲೈನಲ್ಲಿ ಜಪಾನ್ ಹೊಸ ನೋಟು ಬಿಟ್ಟಾಗ 'ನೇಪಾಳದ ಕಾಗದದಲ್ಲಿ ಜಪಾನಿನ ನೋಟು' ಅನ್ನುವ ಧಾಟಿಯಲ್ಲಿ ಮಾತು ಬಂತು. ಹೋಗಿದ್ದು ಕಾಗದ ಅಲ್ಲ. ಹೆರೆದು, ತೊಳೆದು, ಒಣಗಿಸಿದ ಬಿಳಿ ತೊಗಟೆ. ಕಾಗದ ಆಗಿದ್ದು ಜಪಾನಿನಲ್ಲಿ.

ತೊಗಟೆ ಕಳಿಸಿದರೆ ಬೆಟ್ಟದ ಊರಿಗೆ ಹೆರೆದ, ತೊಳೆದ ಕೂಲಿ ಸಿಗುತ್ತದೆ. ಹಾಳೆ ಕಳಿಸಿದರೆ ಬೇಯಿಸಿದ, ಎರೆದ ಕೂಲಿಯೂ ಸೇರುತ್ತದೆ. ನೋಟ್‌ಬುಕ್ ಕಳಿಸಿದರೆ ಹೊಲಿದವರು, ಬಣ್ಣ ಹಾಕಿದವರು, ಅಚ್ಚು ಹಾಕಿದವರು ಎಲ್ಲರಿಗೂ ಪಾಲು. ಈ ಕೆಲಸಗಳಲ್ಲಿ ಹೆಂಗಸರು ಬಹಳ. ಇದನ್ನೆಲ್ಲ 'ಕಾಗದ ರಫ್ತು ಏರಿಕೆ' ಅನ್ನುವ ಮೂರು ಪದದಲ್ಲಿ ಮುಚ್ಚಿಬಿಡುವುದು ನನಗೆ ಒಪ್ಪಿಗೆಯಿಲ್ಲ. 'ತೊಗಟೆ ರಫ್ತು', 'ಹಾಳೆ ರಫ್ತು', 'ಕಾಗದದ ಸಾಮಾನಿನ ರಫ್ತು' ಅಂತ ಬಿಡಿಸಿಯೇ ಬರೆಯುತ್ತೇನೆ. ಮೂರನೆಯದು ಉದ್ದವಾಯಿತು ಗೊತ್ತು. 'ಕಾಗದಪತ್ರ' ಅನ್ನುವಂತಿಲ್ಲ, ಅದು ದಾಖಲೆಯ ಅರ್ಥಕ್ಕೆ ಗಟ್ಟಿಯಾಗಿ ಕೂತಿದೆ. ಚಿಕ್ಕ ಪದ ಯಾರಿಗಾದರೂ ಹೊಳೆದರೆ ಖುಷಿ.

ದೇಶದ ಬಗ್ಗೆಯೂ ಒಂದು ಪದ. 'ಅಭಿವೃದ್ಧಿಶೀಲ ದೇಶ' ಅಂದರೆ ಬಹಳ ದೇಶಗಳು ಬರುತ್ತವೆ. ನೇಪಾಳ 1971ರಿಂದ ವಿಶ್ವಸಂಸ್ಥೆಯ ಬೇರೊಂದು ಪಟ್ಟಿಯಲ್ಲಿದೆ, ಆ ಪಟ್ಟಿಯಿಂದಾಗಿ ಸುಂಕದಲ್ಲಿ ರಿಯಾಯಿತಿ ಸಿಗುತ್ತದೆ. ಅದರಿಂದ ಹೊರಬರಲು ಗೊತ್ತುಮಾಡಿದ ದಿನ 2026ರ ನವೆಂಬರ್ 24. ಈ ಪಟ್ಟಿಗೆ ಕೆಲವರು 'ತೀರಾ ಹಿಂದುಳಿದ ದೇಶಗಳು' ಅಂತ ಬರೆಯುತ್ತಾರೆ. ಅದು ನೋಯಿಸುವ ಮಾತು. 'ಅತಿ ಕಡಿಮೆ ಅಭಿವೃದ್ಧಿಯ ದೇಶಗಳ ಪಟ್ಟಿ' ಅಂತ ಹಾಕಿದ್ದೇನೆ.

ಕೊನೆಯದಾಗಿ, ಹಳೆಯ ಪುಸ್ತಕದ ಒಂದು ಪದ. ಕಠ್ಮಂಡು ಕಣಿವೆಯ ನೇವಾರರು ಉದ್ದನೆಯ ಕಾಗದವನ್ನು ಹಿಂದೆಮುಂದೆ ಮಡಿಚಿ ಮಾಡುತ್ತಿದ್ದ ಪುಸ್ತಕಕ್ಕೆ 'ಥ್ಯಾಸಫು' ಅನ್ನುತ್ತಾರೆ. ಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಕಪ್ಪು ಮಾಡಿ, ಹೀಗೇ ಮಡಿಚುತ್ತಿದ್ದ ಪುಸ್ತಕಕ್ಕೆ ಕನ್ನಡದಲ್ಲಿ 'ಕಡತ' ಅಂತಿತ್ತು. ಮಡಿಕೆಯ ಬಗೆ ಒಂದೇ. ಆದರೆ ಇವತ್ತು ಕಡತ ಅಂದರೆ ಆಫೀಸಿನ ಫೈಲು. 'ಮಡಿಕೆ ಪುಸ್ತಕ' ಅನ್ನಲೇ, ಇಲ್ಲ ಕಡತಕ್ಕೆ ಅದರ ಹಳೆಯ ಅರ್ಥವನ್ನು ಒಂದು ಸಾಲಿನಲ್ಲಿ ವಿವರಿಸಿ ಬಳಸಲೇ? ನನ್ನ ಮನಸ್ಸು ಎರಡನೆಯದರ ಕಡೆಗಿದೆ. ನಾರುನೀರು, ಕೂಳೆ, ಕಡತ ಈ ಮೂರರ ಬಗ್ಗೆ ಮೊದಲು ಉತ್ತರ ಬಂದರೆ ಉಪಕಾರವಾಗುತ್ತದೆ.