ಪುಡಿ, ಹಿಟ್ಟು, ಧೂಳು: ಮುಖಲೇಪದ ಕೈಪಿಡಿಗೆ ಯಾವ ಪದ?

ಪ್ರಶ್ನೆ: ತುಮಕೂರಿನ ಮಹಿಳಾ ಸಂಘಗಳಿಗೆ ಮುಖಲೇಪ, ಸ್ನಾನದ ಪುಡಿ ತಯಾರಿಸುವ ಕೈಪಿಡಿ ಬರೆಯುತ್ತಿದ್ದೇವೆ. ಎಲ್ಲದಕ್ಕೂ ‘ಪುಡಿ’ ಎಂದೇ ಹಾಕಿದ್ದೇವೆ. ‘ಧೂಳು’ ಬೇರೆ ಬೇಕೆ? ಟಾಲ್ಕ್, ಮೈಕಾಗಳಿಗೆ ಕನ್ನಡದ ಹೆಸರಷ್ಟೇ ಸಾಕೆ? ಪೊಟ್ಟಣದ ಮೇಲೆ ‘ನಿರಪಾಯ’ ಎನ್ನಬಹುದೆ?

ಉತ್ತರ: ಮೇಡಂ, ‘ಧೂಳು’ ಖಂಡಿತ ಬೇಕು. ಬಟ್ಟಲಲ್ಲಿ ಕೂತಿರುವುದು ಪುಡಿ, ಗಾಳಿಗೆ ಏಳುವುದು ಧೂಳು. ಸುರಕ್ಷತೆಯನ್ನು ಈ ಎರಡಕ್ಕೂ ಬೇರೆಬೇರೆಯಾಗಿ ತೂಗಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರ ಶ್ವಾಸಕೋಶ ಕೆಡಿಸಿದ್ದು ಕಲ್ಲಿನ ಧೂಳೇ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 10 ಮೈಕ್ರಾನ್‌ಗಿಂತ ಸಣ್ಣ ಕಣ ಗಂಟಲು ದಾಟುತ್ತದೆ, ಸುಮಾರು 4ಕ್ಕಿಂತ ಸಣ್ಣದು ಶ್ವಾಸಕೋಶದ ತಳ ಮುಟ್ಟುತ್ತದೆ. 200 ಮೆಶ್ ಜರಡಿಯ, ಅಂದರೆ ಅಂಗುಲಕ್ಕೆ 200 ಕಣ್ಣಿರುವ ಜರಡಿಯ, ಒಂದೊಂದು ಕಣ್ಣು 75 ಮೈಕ್ರಾನ್. ಅದರಲ್ಲಿ ಸೋಸಿದರೆ ತರಿ ಇಲ್ಲವೆಂದು ಗೊತ್ತಾಗುತ್ತದೆ, ಅತಿ ಸಣ್ಣ ಕಣ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಹಾಗಾಗಿ ‘ನುಣ್ಣಗೆ ಜರಡಿ ಹಿಡಿಯಿರಿ’ ಎಂದು ಬರೆದಲ್ಲೆಲ್ಲ ‘ಧೂಳು ಏಳದಂತೆ’ ಎಂದೂ ಸೇರಿಸಿ. ಮಿಕ್ಸಿ ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆಯಬಾರದು, ಹತ್ತು ನಿಮಿಷ ಬಿಡಬೇಕು. ಫ್ಯಾನ್ ಹಾಕಬಾರದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು.

‘ಹಿಟ್ಟು’ ಎಂಬುದನ್ನು ಕಡಲೆ, ಅಕ್ಕಿ, ಹೆಸರುಕಾಳಿಗೆ ಮಾತ್ರ ಇಟ್ಟುಕೊಳ್ಳಿ. ಈ ಪದ ಕಂಡರೆ ‘ತಿನ್ನುವುದೇ ತಾನೇ’ ಎಂಬ ಧೈರ್ಯ ಬರುತ್ತದೆ. ಹೊಟ್ಟೆಗೆ ಒಗ್ಗಿದ್ದು ಮೂಗಿಗೂ ಕಣ್ಣಿಗೂ ಒಗ್ಗಬೇಕೆಂದಿಲ್ಲ. ಹಿಟ್ಟಿಗೆ ತೇವ ತಗಲಿದರೆ ಬೂಸ್ಟು ಹಿಡಿಯುವುದೂ ಬೇಗ. ‘ಒಂದು ಸಲಕ್ಕೆ ಬೇಕಾದಷ್ಟೇ ನೀರಲ್ಲಿ ಕಲಸಿ, ಮಿಕ್ಕಿದ್ದನ್ನು ಚೆಲ್ಲಿ, ಒದ್ದೆ ಚಮಚ ಹಾಕಬೇಡಿ’ ಎಂಬ ಸಾಲು ಪೊಟ್ಟಣದ ಮೇಲೇ ಇರಲಿ.

ಟಾಲ್ಕ್ ಎಂದರೆ ಬಳಪದ ಕಲ್ಲಿನ ಮುಖ್ಯ ಖನಿಜ, ಮೈಕಾ ಎಂದರೆ ಅಭ್ರಕ, ಜನರ ಬಾಯಲ್ಲಿ ಕಾಗೆಬಂಗಾರ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಹೊಯ್ಸಳ ಗುಡಿ ನೋಡಿದವರಿಗೆ ಬಳಪದ ಕಲ್ಲು ಹೊಸದಲ್ಲ. ವಿವರಣೆಯಲ್ಲಿ ಈ ಹೆಸರುಗಳು ಬರಲಿ, ಪದಾರ್ಥಗಳ ಪಟ್ಟಿಯಲ್ಲಿ ಮಾತ್ರ ‘ಟಾಲ್ಕ್’ ಎಂದೇ ಇರಬೇಕು. ನೆಲದೊಳಗೆ ಟಾಲ್ಕ್‌ನ ಜೊತೆಯಲ್ಲೇ ಉಸಿರಿನೊಳಗೆ ಹೋದರೆ ಕ್ಯಾನ್ಸರ್ ತರಬಲ್ಲ ನಾರಿನಂಥ ಖನಿಜ ಆಸ್ಬೆಸ್ಟಾಸ್ ಸಿಗುವುದುಂಟು. ಕೊಳ್ಳುವಾಗ ಆ ಬ್ಯಾಚಿನ ಆಸ್ಬೆಸ್ಟಾಸ್ ಪರೀಕ್ಷೆಯ ವರದಿ ಕೇಳಬೇಕು, ಅದರಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಯೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ, ಅಂದರೆ 2ಎ ಗುಂಪಿಗೆ ಸೇರಿಸಿದೆ. ಮನೆಯ ಮುಖಲೇಪಕ್ಕೆ ಟಾಲ್ಕ್ ಬೇಕೇ ಬೇಕು ಅನ್ನುವಂತಿಲ್ಲ, ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

ನಿಜಕ್ಕೂ ಅಪಾಯ ಅಡಗಿರುವುದು ಕೆಂಪು ಪುಡಿಯ ಹೆಸರುಗಳಲ್ಲಿ. ಅರಿಶಿನಕ್ಕೆ ಸುಣ್ಣ ತಾಗಿಸಿ ಕೆಂಪಾಗಿಸಿದ್ದು ಹಳೆಯ ಕ್ರಮದ ಕುಂಕುಮ. ಸಿಂಧೂರ ಎಂದರೆ ಸೀಸದ ಆಕ್ಸೈಡ್. ಇಂಗಳೀಕ ಪಾದರಸದ ಸಲ್ಫೈಡ್. ಅಂಗಡಿಯಲ್ಲಿ ಈ ಹೆಸರುಗಳು ಒಂದರ ಜಾಗದಲ್ಲಿ ಇನ್ನೊಂದು ಓಡಾಡುತ್ತವೆ, ಬಣ್ಣ ನೋಡಿ ಗುರುತು ಹಿಡಿಯಲಾಗದು. ಕೈಪಿಡಿಯಲ್ಲಿ ಮೂರನ್ನೂ ಬೇರೆ ಮಾಡಿ ಬರೆದು, ಕೊನೆಯ ಎರಡನ್ನು ‘ಬಳಸಲೇಬಾರದು’ ಎನ್ನಿ. ಅನುಮತಿಯಿರುವ ಬಣ್ಣಗಳಲ್ಲೂ ದಶಲಕ್ಷ ಭಾಗಕ್ಕೆ ಸೀಸ 20, ಆರ್ಸೆನಿಕ್ 2 ಭಾಗ ಮೀರಬಾರದೆಂದು ಭಾರತದ ನಿಯಮವಿದೆ. ಪ್ರಯೋಗಾಲಯದ ವರದಿಯಲ್ಲಿ ಈ ಎರಡು ಸಾಲು ಇಲ್ಲದಿದ್ದರೆ ಆ ಬಣ್ಣ ವಾಪಸ್ ಕಳಿಸಿ.

‘ನಿರಪಾಯ’ ಬೇಡ. ‘ನೈಸರ್ಗಿಕ’ವೂ ಬೇಡ, ಸೀಸವೂ ಆಸ್ಬೆಸ್ಟಾಸೂ ನೆಲದಿಂದಲೇ ಬಂದವು. ಯಾರಿಗೆ, ಎಲ್ಲಿಗೆ, ಹೇಗೆ ಎಂದು ಹೇಳಿದರೆ ಬಳಸುವವರಿಗೆ ಉಪಯೋಗ. ಉದಾಹರಣೆಗೆ: ‘ನೀರಲ್ಲಿ ಕಲಸಿ ಮುಖಕ್ಕೆ ಮಾತ್ರ ಹಚ್ಚಿ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ತೊಳೆದು, ಎರಡು ದಿನ ನೋಡಿ. ಕಣ್ಣಿನ ಸುತ್ತ, ಗಾಯದ ಮೇಲೆ ಬೇಡ. ಒಣ ಪುಡಿಯನ್ನು ಮಕ್ಕಳ ಮೂಗು, ಬಾಯಿಯಿಂದ ದೂರವಿಡಿ.’ ಮಾರುವುದಾದರೆ 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ ತಯಾರಿಕಾ ಪರವಾನಗಿ ಬೇಕು, ಅದರ ಸಂಖ್ಯೆಗೂ ಲೇಬಲ್ಲಿನಲ್ಲಿ ಜಾಗ ಬಿಡಿ.