ಚಿತ್ರದಿಂದ ಸಂಗೀತ ನಾಟಕಕ್ಕೆ: ‘ಮೊಘಲ್-ಎ-ಆಜಂ’ ರಂಗದ ಮೇಲೆ ಬಂದ ಬಗೆ ಹೇಗೆ?

ಪ್ರಶ್ನೆ: ಹವ್ಯಾಸಿ ಕಲಾವಿದ, ತುಮಕೂರು

ಎಲ್ಲರಿಗೂ ನಮಸ್ಕಾರ. ಪ್ರತಿ ವರ್ಷ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಆಡುತ್ತಾ ಬಂದಿರುವ ನಮ್ಮ ತಂಡಕ್ಕೆ ಈ ಸಲ ಹಳೆಯ ಕನ್ನಡ ಚಿತ್ರವೊಂದನ್ನು ಸಂಗೀತ ನಾಟಕವಾಗಿ ಕಟ್ಟುವ ಆಸೆ ಹುಟ್ಟಿದೆ. ಆದರೆ ತಾಲೀಮು ಶುರುವಾಗುವ ಮೊದಲೇ ತಂಡದಲ್ಲಿ ಎರಡು ಪಕ್ಷಗಳಾಗಿವೆ. ಚಿತ್ರದ ಹಾಡುಗಳು ಜನರ ಕಿವಿಯಲ್ಲಿ ಅಚ್ಚೊತ್ತಿರುವುದರಿಂದ ಮೂಲ ಧ್ವನಿಮುದ್ರಣವನ್ನೇ ಹಾಕಿ, ಪಾತ್ರಧಾರಿಗಳು ತುಟಿ ಆಡಿಸಿದರೆ ಸಾಕೆಂದು ಯುವಕರು ಹೇಳುತ್ತಾರೆ. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ನಟನೇ ಬಾಯಿ ಬಿಟ್ಟು ಹಾಡದಿದ್ದರೆ ಅದು ನಾಟಕವೇ ಅಲ್ಲವೆಂದು ನಮ್ಮ ಹಾರ್ಮೋನಿಯಂ ಮೇಷ್ಟ್ರು ಪಟ್ಟು ಹಿಡಿದಿದ್ದಾರೆ. ‘ಮೊಘಲ್-ಎ-ಆಜಂ’ ಚಿತ್ರವನ್ನು ಮುಂಬಯಿಯಲ್ಲಿ ಸಂಗೀತ ನಾಟಕವಾಗಿ ಆಡಿದ್ದಾರೆಂದು ಕೇಳಿದ್ದೇವೆ. ಅದನ್ನು ಯಾರು, ಯಾವ ಕ್ರಮದಲ್ಲಿ ಕಟ್ಟಿದರು, ಹಾಡುಗಳ ವಿಷಯದಲ್ಲಿ ಏನು ತೀರ್ಮಾನ ಕೈಗೊಂಡರು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ರಂಗ ಇತಿಹಾಸದ ಓದುಗ, ಗುಬ್ಬಿ

ನಿಮ್ಮ ಮೇಷ್ಟ್ರ ಮಾತಿಗೆ ಈ ಪ್ರಯೋಗದ ಇತಿಹಾಸದಲ್ಲಿಯೇ ಬಲವಾದ ಸಾಕ್ಷ್ಯವಿದೆ. ಅದಕ್ಕೆ ಬರುವ ಮುನ್ನ ಹಿನ್ನೆಲೆಯನ್ನು ಸ್ವಲ್ಪ ಹೇಳುವುದು ಒಳ್ಳೆಯದು. ಅಕ್ಬರನ ಮಗ ಸಲೀಂ ಪ್ರೀತಿಸಿದ ನರ್ತಕಿ ಅನಾರ್ಕಲಿಯ ಕಥೆಯನ್ನು ಇಮ್ತಿಯಾಜ್ ಅಲಿ ತಾಜ್ 1922ರಲ್ಲಿ ಉರ್ದು ನಾಟಕವಾಗಿ ಬರೆದರು. ಆ ನಾಟಕದ ನೆರಳಿನಲ್ಲಿ ಹುಟ್ಟಿದ ಕೆ. ಆಸಿಫ್ ನಿರ್ದೇಶನದ ಹಿಂದಿ ಚಿತ್ರ ‘ಮೊಘಲ್-ಎ-ಆಜಂ’ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಯಾರಾಗಿ 1960ರ ಆಗಸ್ಟ್ 5ರಂದು ತೆರೆ ಕಂಡಿತು. ಆದ್ದರಿಂದ 2016ರಲ್ಲಿ ಅದು ರಂಗಕ್ಕೆ ಬಂದದ್ದನ್ನು ನಾನು ತವರಿಗೆ ಮರಳಿದ್ದು ಎಂದೇ ಭಾವಿಸುತ್ತೇನೆ. ನಮ್ಮ ಕಡೆ ಈ ಹಾದಿ ಹೆಚ್ಚಾಗಿ ಒಂದೇ ದಿಕ್ಕಿಗೆ ಸಾಗಿದೆ: ಗುಬ್ಬಿ ಕಂಪನಿ ಆಡುತ್ತಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಿತ್ರವಾಗಿ, ಅದೇ ಕಂಪನಿಯಲ್ಲಿ ಪಳಗಿದ್ದ ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿ ಮಾಡಿತು.

ರಂಗಪ್ರಯೋಗದ ನಿರ್ದೇಶಕರು ಫಿರೋಜ್ ಅಬ್ಬಾಸ್ ಖಾನ್. ಇಬ್ಬರೇ ಕಲಾವಿದರು ಕುಳಿತು ಪತ್ರ ಓದುವ ‘ತುಮ್ಹಾರಿ ಅಮೃತಾ’ದಂತಹ ಮಿತವ್ಯಯದ ನಾಟಕದಿಂದ 1992ರಲ್ಲಿ ಹೆಸರು ಮಾಡಿದವರು ಇಷ್ಟು ವೈಭವದ ಪ್ರಯೋಗಕ್ಕೆ ಕೈ ಹಾಕಿದ್ದೇ ಕುತೂಹಲದ ಸಂಗತಿ. ಅವರು ಮೊದಲು ಹೋದದ್ದು ಚಿತ್ರದ ಹಕ್ಕು ಹೊಂದಿದ್ದ ಶಾಪೂರ್‌ಜಿ ಪಲ್ಲೋನ್‌ಜಿ ಸಂಸ್ಥೆಯ ಬಳಿಗೆ, ಅದೂ ಅನುಮತಿ ಕೇಳುವುದಕ್ಕಾಗಿ. ಮೂಲ ಚಿತ್ರಕ್ಕೆ ಹಣ ಹೂಡಿದ್ದ ಆ ಮನೆತನದ ಸಂಸ್ಥೆ ನಾಟಕದ ನಿರ್ಮಾಣವನ್ನೂ ತಾನೇ ವಹಿಸಿಕೊಂಡಿತು. ಮುಂಬಯಿಯ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರ (ಎನ್‌ಸಿಪಿಎ) ಜೊತೆಗೂಡಿತು. 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಮ್‌ಶೆಡ್ ಭಾಭಾ ರಂಗಮಂದಿರದಲ್ಲಿ ಮೊದಲ ಪ್ರದರ್ಶನಗಳು ನಡೆದು, ಮರುವರ್ಷ ದೆಹಲಿಗೆ, 2023ರಲ್ಲಿ ಅಮೆರಿಕ ಮತ್ತು ಕೆನಡಾಗಳಿಗೆ ತಂಡ ಪ್ರವಾಸ ಹೋಯಿತು. ಉಡುಪುಗಳು ಮನೀಶ್ ಮಲ್ಹೋತ್ರಾ ಅವರವು. ಕಥಕ್ ನೃತ್ಯಗಳನ್ನು ಸಂಯೋಜಿಸಿದವರು ನಮ್ಮ ಬೆಂಗಳೂರಿನ ಮಯೂರಿ ಉಪಾಧ್ಯ.

ಈಗ ಹಾಡಿನ ಪ್ರಶ್ನೆ. ಚಿತ್ರದಲ್ಲಿ ಮಧುಬಾಲಾ ಕುಣಿದರು, ಲತಾ ಮಂಗೇಶ್ಕರ್ ಹಾಡಿದರು. ರಂಗದ ಮೇಲೆ ಆ ಎರಡನ್ನೂ ಒಬ್ಬಳೇ ನಿಭಾಯಿಸಬೇಕೆಂಬ ನಿರ್ಧಾರದಿಂದಾಗಿ ಪಾತ್ರ ಹಂಚಿಕೆಯ ಲೆಕ್ಕಾಚಾರವೇ ಬದಲಾಯಿತು. ಹೆಸರಾಂತ ಚಿತ್ರನಟಿಯನ್ನು ಕರೆತರುವ ಬದಲು ಪ್ರಿಯಾಂಕಾ ಬರ್ವೆ, ನೇಹಾ ಸರ್ಗಮ್ ಅವರಂತಹ ಪಳಗಿದ ಗಾಯಕಿಯರು ಅನಾರ್ಕಲಿಯಾದರು. ಸಭಿಕರು ಲತಾ ಅವರ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ, ನಿಜ; ಆದರೆ ಎದುರಿಗೆ ನಿಂತ ಹೆಣ್ಣುಮಗಳು ಉಸಿರು ಬಿಗಿಹಿಡಿದು ‘ಪ್ಯಾರ್ ಕಿಯಾ ತೋ ಡರ್ನಾ ಕ್ಯಾ’ ಎತ್ತಿಕೊಂಡಾಗ, ಚಕ್ರವರ್ತಿಯ ಎದುರು ಹಾಡುವ ಅಪಾಯ ಪಾತ್ರಕ್ಕೂ ಗಾಯಕಿಗೂ ಒಂದೇ ಆಗಿಬಿಡುತ್ತದೆ. ತುಟಿ ಆಡಿಸಿದರೆ ಕೈತಪ್ಪುವುದು ಇದೇ.

ಉತ್ತರ: ವಕೀಲ, ಚಿಂತಾಮಣಿ

ಮೇಲಿನವರು ಅನುಮತಿಯ ಮಾತೆತ್ತಿದ್ದರಿಂದ ಕಾನೂನಿನ ಅಂಶವೊಂದನ್ನು ಸೇರಿಸುತ್ತೇನೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಧ್ವನಿಮುದ್ರಣಕ್ಕೂ ಅಷ್ಟೇ. ಆದರೆ ಸಾಹಿತ್ಯ ಮತ್ತು ಸಂಗೀತ ಕೃತಿಯ ಹಕ್ಕು ಕರ್ತೃವಿನ ಮರಣದ ಮರುವರ್ಷದಿಂದ 60 ವರ್ಷ ಮುಂದುವರಿಯುತ್ತದೆ. ನಿಮ್ಮ ಉದಾಹರಣೆಯನ್ನೇ ತೆಗೆದುಕೊಂಡರೆ, ಗೀತಕಾರ ಶಕೀಲ್ ಬದಾಯೂನಿ 1970ರಲ್ಲಿಯೂ ಸಂಗೀತ ನಿರ್ದೇಶಕ ನೌಶಾದ್ 2006ರಲ್ಲಿಯೂ ತೀರಿಕೊಂಡರು. ಹಾಗಾಗಿ ಸಾಹಿತ್ಯದ ಅವಧಿ 2030ರ ಕೊನೆಗೆ, ಸಂಗೀತದ ಅವಧಿ 2066ರ ಕೊನೆಗೆ ಮುಗಿಯುತ್ತದೆ. ಟ್ರ್ಯಾಕ್ (ಮುದ್ರಿತ ಹಾಡು) ಹಾಕಿದರೂ ಬಾಯಲ್ಲಿ ಹಾಡಿದರೂ ಈ ಹಕ್ಕನ್ನು ದಾಟಿ ಹೋಗಲಾಗದು.

ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಆಡುವ ಪ್ರದರ್ಶನಕ್ಕೆ 52ನೆಯ ಕಲಂನಲ್ಲಿ ವಿನಾಯಿತಿ ಇದೆ ಎಂಬುದು ಸರಿ. ಆದರೆ ಆ ವಿನಾಯಿತಿ, ಈಗಾಗಲೇ ಇರುವ ಕೃತಿಯನ್ನು ಆಡುವುದಕ್ಕೆ ಮಾತ್ರ. ಚಿತ್ರಕಥೆಯನ್ನು ತಿದ್ದಿ ಹೊಸ ನಾಟಕವನ್ನಾಗಿ ಬರೆಯುವುದು ರೂಪಾಂತರವೆನಿಸುತ್ತದೆ. ಬರವಣಿಗೆ ಆರಂಭಿಸುವ ಮೊದಲೇ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಉತ್ತರ: ಗೊಂಬೆಯಾಟದ ಆಸಕ್ತೆ, ಕೋಲಾರ

ಹಾಡಿನಷ್ಟೇ ತೊಡಕಿನ ವಿಷಯವೆಂದರೆ ಕ್ಯಾಮೆರಾ ತೋರಿಸಿದ್ದನ್ನು ಕಟ್ಟೆಯ ಮೇಲೆ ತೋರಿಸುವುದು. ಇದಕ್ಕೆ ‘ದಿ ಲಯನ್ ಕಿಂಗ್’ನ ಚರಿತ್ರೆ ಹೆಚ್ಚು ಪಾಠ ಹೇಳುತ್ತದೆಂದು ನನಗನಿಸುತ್ತದೆ. 1994ರ ಈ ಕಾರ್ಟೂನ್ ಚಿತ್ರವನ್ನು ರಂಗಕ್ಕೆ ತಂದ ಜೂಲಿ ಟೇಮರ್ ಯೌವನದಲ್ಲಿ ಇಂಡೋನೇಷ್ಯಾದಲ್ಲಿದ್ದು ಅಲ್ಲಿನ ಮುಖವಾಡ ಮತ್ತು ಗೊಂಬೆಯಾಟದ ಪರಂಪರೆಯನ್ನು ಹತ್ತಿರದಿಂದ ಕಂಡವರು. ನಟನನ್ನು ಪ್ರಾಣಿಯ ವೇಷದೊಳಗೆ ಮರೆಮಾಡುವ ಬದಲು ಸಿಂಹದ ಮುಖವಾಡವನ್ನು ಅವನ ತಲೆಯ ಮೇಲೆ ಕೂರಿಸಿ, ಮನುಷ್ಯನ ಮುಖವನ್ನೂ ಕಾಣುವಂತೆ ಬಿಟ್ಟರು. ಪ್ರಾಣಿಗಳ ಹಿಂಡು ನುಗ್ಗಿ ಬರುವ ದೃಶ್ಯ ಚಿತ್ರದಲ್ಲಿ ಕಂಪ್ಯೂಟರಿನ ಕೆಲಸವಾಗಿತ್ತು. ರಂಗದ ಮೇಲೆ ಹಿಂದುಗಡೆ ಪ್ರಾಣಿಗಳ ಚಿತ್ರವಿರುವ ಉರುಳೆಗಳು ತಿರುಗುತ್ತವೆ, ಮುಂದೆ ಬಂದಂತೆಲ್ಲ ಚಿತ್ರಗಳು ದೊಡ್ಡದಾಗುತ್ತವೆ, ಕೊನೆಗೆ ಮುಖವಾಡ ಹೊತ್ತ ಕುಣಿತಗಾರರೇ ನುಗ್ಗುತ್ತಾರೆ. ದೂರ ಹತ್ತಿರವಾಗುವ ಈ ಭ್ರಮೆಗೆ ಯಾವ ಪರದೆ ಬರೆಯುವ ಕಲಾವಿದನಾದರೂ ತಲೆದೂಗಬೇಕು.

ಇನ್ನೊಂದು ಮಾತು. ಆ ತಂಡ ನೇರವಾಗಿ ನ್ಯೂಯಾರ್ಕಿಗೆ ಹೋಗಲಿಲ್ಲ. 1997ರ ಜುಲೈಯಲ್ಲಿ ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿ ಆಡಿ, ಎಲ್ಲಿ ಎಳೆತವಿದೆ, ಎಲ್ಲಿ ಸೀನು ಬದಲಾಗಲು ತಡವಾಗುತ್ತದೆ ಎಂದು ಕಂಡುಕೊಂಡು, ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಬೀಡಾದ ಬ್ರಾಡ್‌ವೇಯಲ್ಲಿ ತೆರೆ ಎತ್ತಿತು. ಮರುವರ್ಷ ಶ್ರೇಷ್ಠ ಸಂಗೀತ ನಾಟಕವೂ ಸೇರಿದಂತೆ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗಳು ಆರು ಬಂದವು. ಇಷ್ಟಾದರೂ 2010ರಲ್ಲಿ ಒಂದು ಹಾಡನ್ನು ಇಡಿಯಾಗಿ ಕೈಬಿಟ್ಟು ನಾಟಕವನ್ನು ಚಿಕ್ಕದು ಮಾಡಿದರು. ರಾತ್ರಿಯಿಡೀ ನಡೆಯುವ ನಮ್ಮ ಪೌರಾಣಿಕ ನಾಟಕಗಳಲ್ಲಿ ಒಂದು ಪದ್ಯ ಬಿಡಿ ಎಂದರೆ ದುರ್ಯೋಧನನ ಪಾತ್ರಧಾರಿ ಬಣ್ಣ ಹಚ್ಚಿಕೊಳ್ಳಲು ಒಪ್ಪುವುದಿಲ್ಲ, ಅದು ಬೇರೆ ಮಾತು.

ಪ್ರಶ್ನೆ ಕೇಳಿದವರು, ತುಮಕೂರು

ಮೂವರಿಗೂ ಕೃತಜ್ಞತೆಗಳು. ಟ್ರ್ಯಾಕ್ ಬೇಡವೆಂದು ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದಾರೆ. ಮೇಷ್ಟ್ರ ಮುಖ ಅರಳಿದೆ. ಆದರೆ ನಾವು ಆರಿಸಿರುವ ಕಥೆಯಲ್ಲಿಯೂ ಅರಮನೆಯ ದೃಶ್ಯಗಳಿವೆ. ‘ಮೊಘಲ್-ಎ-ಆಜಂ’ನ ಕನ್ನಡಿ ಮಹಲನ್ನು ರಂಗದ ಮೇಲೆ ಹೇಗೆ ತೋರಿಸಿದರು? ಬಾಡಿಗೆ ಸೀನರಿಯನ್ನು ನಂಬಿರುವ ನಮ್ಮಂಥವರಿಗೆ ಅದು ಸಾಧ್ಯವೇ?

ಉತ್ತರ: ರಂಗ ಇತಿಹಾಸದ ಓದುಗ, ಗುಬ್ಬಿ

ಚಿತ್ರಕ್ಕಾಗಿ ಆ ಮಹಲನ್ನು ಕಟ್ಟಲು ಎರಡು ವರ್ಷ ಹಿಡಿಯಿತು. ನಾಟಕದಲ್ಲಿ ಪ್ರೊಜೆಕ್ಷನ್ ಮತ್ತು ಬೆಳಕಿನಿಂದ ಅದನ್ನು ಸೃಷ್ಟಿಸಿದರು. ಅದಕ್ಕೆಂದೇ ವಿದೇಶದ ತಂತ್ರಜ್ಞರು ಬಂದಿದ್ದರು. ಅದನ್ನು ಅನುಕರಿಸಲು ಹೊರಟರೆ ನಿಮ್ಮ ಹಣವೆಲ್ಲ ಅಲ್ಲಿಯೇ ಕರಗುತ್ತದೆ. ಗುಬ್ಬಿ ಕಂಪನಿಯ ನಮ್ಮ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು, ಆದರೆ ಅದು ವೃತ್ತಿ ಕಂಪನಿಯ ತಾಕತ್ತು. ನಿಮಗೆ ದರ್ಬಾರಿನ ಒಂದು ಪರದೆ ಸಾಕು. ಕನ್ನಡಿಯ ಮಾತನ್ನು ಹಾಡಿನ ಸಾಹಿತ್ಯ ಹೇಳಲಿ, ರಾಜನ ಪಾತ್ರಧಾರಿ ತಲೆಯೆತ್ತಿ ಸುತ್ತಲೂ ನೋಡಿ ಬೆರಗಾಗಲಿ. ಅವನಿಗೆ ಕಂಡದ್ದು ಸಭಿಕರಿಗೂ ಕಾಣುತ್ತದೆ. ಕೋಲಾರದ ಸೋದರಿ ಹೇಳಿದಂತೆ ಮೊದಲ ಪ್ರದರ್ಶನವನ್ನು ತುಮಕೂರಿನ ಕಲಾಕ್ಷೇತ್ರದಲ್ಲಿ ಇಟ್ಟುಕೊಳ್ಳಬೇಡಿ. ನಮ್ಮೂರಿನ ಜಾತ್ರೆಯಲ್ಲಿ ಒಮ್ಮೆ ಆಡಿ ನೋಡಿ. ಜನ ಎದ್ದು ಕಡಲೆಕಾಯಿ ಕೊಳ್ಳಲು ಹೊರಟ ಜಾಗಗಳನ್ನು ಗುರುತು ಹಾಕಿಕೊಂಡು, ಅಲ್ಲಲ್ಲಿ ಕತ್ತರಿ ಆಡಿಸಿದ ಮೇಲೆ ತುಮಕೂರಿಗೆ ಕೊಂಡೊಯ್ಯಿರಿ.