ಕೈಯಲ್ಲಿ ಕಟ್ಟಿದ ಎಂಟು ಚಾನೆಲ್ ಪ್ರಿಆಂಪ್‌ಗೆ ಡಿಜಿಟಲ್ ಇಂಟರ್‌ಫೇಸ್: ಮಾಡಿದವರು ಅನುಭವ ಹೇಳಿ

ಸಿರ್ಸಿ ಪೆಟ್ಟಿಗೆ: ದ್ಯಾಟ್ 1512 ಚಿಪ್ ಹಾಕಿ ಎಂಟು ಚಾನೆಲ್ ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಪೆಟ್ಟಿಗೆ) ಮನೆಯಲ್ಲೇ ಕಟ್ಟಿದ್ದೇನೆ. ಪವರ್ ಸಪ್ಲೈ, ಫ್ಯಾಂಟಮ್ (ಮೈಕಿಗೆ ಕೊಡುವ ವಿದ್ಯುತ್) ಎಲ್ಲ ನನ್ನ ಕೈಯದೇ. ತಾಳಮದ್ದಳೆ ರೆಕಾರ್ಡಿಂಗಿಗೆ ಬಳಸುವುದು. ಈವರೆಗೆ ಎಂಟನ್ನೂ ಅಲ್ಲೇ ಮಿಕ್ಸ್ ಮಾಡಿ ಎರಡು ಚಾನೆಲ್ ಕಾರ್ಡಿಗೆ ಕೊಡುತ್ತಿದ್ದೆ. ಮದ್ದಳೆ ಜಾಸ್ತಿಯಾಗಿ ಅರ್ಥಧಾರಿಗಳ ಮಾತು ಮುಳುಗಿದರೆ ಮನೆಗೆ ಬಂದ ಮೇಲೆ ಏನೂ ಮಾಡಲಾಗದು. ಈಗ ಎಂಟೂ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಬರಬೇಕು. ಕೈಯಲ್ಲಿರುವುದು 45 ಸಾವಿರ. ಏಡ್ಯಾಟ್ (ಒಂದೇ ಆಪ್ಟಿಕಲ್ ಕೇಬಲ್ಲಿನಲ್ಲಿ ಎಂಟು ಚಾನೆಲ್) ಕೊಡುವ ರೆಡಿ ಕನ್ವರ್ಟರ್ ತಗೊಳ್ಳಲೋ, ಎಡಿಸಿ (ಅನಲಾಗನ್ನು ಡಿಜಿಟಲ್ ಮಾಡುವ) ಬೋರ್ಡ್ ಕಟ್ಟಿ ಯುಎಸ್‌ಬಿಗೆ ಹಾಕಲೋ?

ಚಂಡೆಕಿವಿ, ಉಡುಪಿ: ಏಡ್ಯಾಟ್. ಬೇರೆ ಯೋಚನೆ ಬೇಡ ಮಾರಾಯ್ರೆ. ನಾನು ಯಕ್ಷಗಾನ ಮೇಳದ ಆಟ ರೆಕಾರ್ಡ್ ಮಾಡುವವ, ಬೆಳಗಿನವರೆಗೆ. ಏಡ್ಯಾಟ್ ಇನ್‌ಪುಟ್ ಇರುವ ಸೆಕೆಂಡ್ ಹ್ಯಾಂಡ್ ಇಂಟರ್‌ಫೇಸ್ ₹14,500. ಎಂಟು ಚಾನೆಲ್ ಕನ್ವರ್ಟರ್ ಹೊಸತು ₹23,800. ಆಪ್ಟಿಕಲ್ ಕೇಬಲ್ ಎರಡು, ತಲಾ ₹650. ರ್‍ಯಾಕ್ ಪೆಟ್ಟಿಗೆ ₹3,200. ಒಟ್ಟು ₹42,800, ಒಂದು ರೂಪಾಯಿ ಹೆಚ್ಚಿಲ್ಲ.

ಎರಡು ಕೇಬಲ್ ಯಾಕೆಂದರೆ ಮೊದಲನೆಯದನ್ನು ಚೌಕಿಯ (ವೇಷಧಾರಿಗಳ ಬಣ್ಣದ ಮನೆ) ಹತ್ತಿರ ಯಾರೋ ಮೆಟ್ಟಿದರು. ಒಳಗಿರುವುದು ಪ್ಲಾಸ್ಟಿಕ್ ಎಳೆ, ಒಮ್ಮೆ ಮಡಚಿದರೆ ಮುಗಿಯಿತು. ಐದು ಮೀಟರ್ ದಾಟಿಸಲೂ ಬೇಡಿ. ಅದಕ್ಕಿಂತ ದೊಡ್ಡ ಪೆಟ್ಟು ಕ್ಲಾಕಿನದ್ದು, ಎರಡೂ ಡಬ್ಬ ಒಂದೇ ತಾಳಕ್ಕೆ ನಡೆಯಬೇಕು. ಮಾರಿದವ ಎರಡೂ ಡಬ್ಬವನ್ನು ಇಂಟರ್ನಲ್ ಕ್ಲಾಕಿನಲ್ಲೇ ಇಟ್ಟು ಕೊಟ್ಟಿದ್ದ, ಒಂದು ಮಾತು ಹೇಳಲಿಲ್ಲ. ದೇವಿಮಹಾತ್ಮೆ ಇಡೀ ರಾತ್ರಿ ರೆಕಾರ್ಡ್ ಆಗಿದೆ, ಕೆಲವು ಸೆಕೆಂಡಿಗೊಮ್ಮೆ ಟಿಕ್, ಟಿಕ್. ಮಹಿಷಾಸುರನ ಪ್ರವೇಶದಲ್ಲಿ ಚಂಡೆಯ ಅಡಿಗೆ ಸೇರಿ ಅಷ್ಟು ಕೇಳುವುದಿಲ್ಲ. ಭಾಗವತರು ಏರುಪದ ಹಿಡಿದಲ್ಲಿ ಕೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಆ ಪ್ರಸಂಗ ಆ ಹಿಮ್ಮೇಳದಲ್ಲಿ ಮತ್ತೆ ಸಿಗುವುದುಂಟಾ? ಕನ್ವರ್ಟರ್ ಮಾಸ್ಟರ್, ಇಂಟರ್‌ಫೇಸ್ ಅದನ್ನು ಹಿಂಬಾಲಿಸಬೇಕು. ಅಷ್ಟು ಸರಿಯಾದ ಮೇಲೆ ಒಂದೇ ಒಂದು ಟಿಕ್ ಬಂದದ್ದಿಲ್ಲ.

ಬೆಸುಗೆ ಹೊಗೆ, ಬೆಂಗಳೂರು: ರೆಡಿ ಡಬ್ಬ ತಗೊಳ್ಳೋದಾದ್ರೆ ಪ್ರಿಆಂಪ್ ಯಾಕೆ ಕಟ್ಟಬೇಕಿತ್ತು? ಅಗ್ಗದ ಎಷ್ಟೋ ಕನ್ವರ್ಟರ್‌ಗಳಲ್ಲಿ ಲೈನ್ ಇನ್‌ಪುಟ್ ಕೂಡ ಅದರದೇ ಮೈಕ್ ಪ್ರಿಆಂಪ್ ಹೊಕ್ಕೇ ಹೋಗುತ್ತೆ. ಕಷ್ಟಪಟ್ಟು ಕಟ್ಟಿದ ದ್ಯಾಟ್ 1512ನ ಹಿಂದೆ ಇನ್ನೊಂದು ಪ್ರಿಆಂಪ್!

ನಾನು ಸಿಎಸ್5368 ಹಾಕಿದೆ. ಒಂದೇ ಚಿಪ್ಪಲ್ಲಿ ಎಂಟು ಚಾನೆಲ್, ಟಿಡಿಎಂನಲ್ಲಿ, ಅಂದ್ರೆ ಚಾನೆಲ್‌ಗಳು ಸರದಿ ಮೇಲೆ ಹೋಗೋ ವಿಧಾನದಲ್ಲಿ, ಒಂದೇ ಡೇಟಾ ತಂತಿ. ಲೆಕ್ಕ ಬರ್ಕೊಳ್ಳಿ. ನಾಲ್ಕು ಪದರದ ಬೋರ್ಡ್ ಐದು ಪೀಸ್ ₹4,300, ಸಾಗಣೆ ₹1,900, ಕಸ್ಟಮ್ಸ್ ಮತ್ತು ಕೊರಿಯರ್‌ನವರ ಹ್ಯಾಂಡ್ಲಿಂಗ್ ₹2,260. ಯುಎಸ್‌ಬಿ ಬೋರ್ಡ್ ಮನೆಗೆ ಬಂದಾಗ ₹13,800. ಆಪ್‌ಆಂಪ್, ರೆಗ್ಯುಲೇಟರ್, ಒಂದು ಪರ್ಸೆಂಟ್ ರೆಸಿಸ್ಟರ್ ₹6,540. ಡಬ್ಬ, ಟ್ರಾನ್ಸ್‌ಫಾರ್ಮರ್, ಕನೆಕ್ಟರ್ ₹5,000. ಚಿಪ್ ₹2,400, ಎರಡು ಸಲ. ಒಟ್ಟು ₹38,600. ಎರಡು ಸಲ ಯಾಕೆ ಅಂದ್ರೆ ಮೊದಲು ಬಂದದ್ದು ಮೇಲ್ಮೈ ಉಜ್ಜಿ ನಂಬರ್ ಹೊಸದಾಗಿ ಒತ್ತಿದ ಮಾಲು. 2020ರ ಅಕ್ಟೋಬರಲ್ಲಿ ಜಪಾನಿನ ನೊಬೆಯೋಕಾದಲ್ಲಿ ಆಡಿಯೋ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದು ಎಡಿಸಿ ಚಿಪ್‌ಗಳಿಗೆ ಬರ ಬಂದಿದ್ದ ಕಾಲ ಅದು. ಮಾರೋರು ಏನು ಕೊಟ್ರೂ ಜನ ತಗೊಂಡ್ರು.

ಚಿಪ್ ಸರಿಯಾದ ಮೇಲೂ ಗುರ್ ಅಂತ ಕರಕರ. ಎಂಟು ಸ್ಲಾಟ್, ತಲಾ 32 ಬಿಟ್, 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್) ಅಂದ್ರೆ ಬಿಟ್ ಕ್ಲಾಕ್ 12.288 ಮೆಗಾಹರ್ಟ್ಸ್. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನ ರಿಬ್ಬನ್ ಕೇಬಲ್ ಒಂದು ಅಡಿ ಎಳೆದ್ರೆ ಅದು ತಡೆಯಲ್ಲ. ತಂತಿಯನ್ನ ಒಂದು ಬೆರಳಷ್ಟಕ್ಕೆ ಇಳಿಸಿ, ಪ್ರತಿ ಸಿಗ್ನಲ್ ಪಕ್ಕ ಗ್ರೌಂಡ್ ಕೊಟ್ಟು, ಹೊರಡೋ ಕಡೆ 33 ಓಮ್ ಹಾಕಿದ ಮೇಲೆ ನಿಂತಿತು. ಇನ್ನೊಂದು: ಪ್ರಿಆಂಪ್ +20 ಡಿಬಿಯು ಮಟ್ಟದ ಸಿಗ್ನಲ್ ಕೊಟ್ರೆ ಅದು 7.75 ವೋಲ್ಟ್ ಆರ್‌ಎಂಎಸ್. 5 ವೋಲ್ಟಲ್ಲಿ ಓಡೋ ಚಿಪ್ಪಿಗೆ ನೇರ ಕೊಡೋ ಹಾಗಿಲ್ಲ. ಮಧ್ಯೆ ಇಳಿಸಿ, ಡಿಫರೆನ್ಷಿಯಲ್ ಬಫರ್ ಹಾಕ್ಲೇಬೇಕು.

ಚಂಡೆಕಿವಿ, ಉಡುಪಿ: ಕಟ್ಟಲಿಕ್ಕೆ ಎಷ್ಟು ತಿಂಗಳು ಹೋಯಿತು ಎಂದು ಲೆಕ್ಕದಲ್ಲಿ ಸೇರಿಸಲೇ ಇಲ್ಲವಲ್ಲ? ಮೇ ತಿಂಗಳ ಪತ್ತನಾಜೆಗೆ ಮೇಳದ ತಿರುಗಾಟ ಮುಗಿಯುತ್ತದೆ. ನಿಮ್ಮ ರಿಬ್ಬನ್ ಕೇಬಲ್ ಸರಿಯಾಗುವವರೆಗೆ ಮೇಳ ಕಾಯುವುದಿಲ್ಲ.

ಬೆಸುಗೆ ಹೊಗೆ, ಬೆಂಗಳೂರು: ಟಿಕ್ ಟಿಕ್ ದೇವಿಮಹಾತ್ಮೆ ಇಟ್ಕೊಂಡವರು ನನಗೆ ಹೇಳೋದು ಬೇಡ.

ಬೈಠಕ್, ಧಾರವಾಡ: ಇಬ್ಬರೂ ಕೇಳ್ರಿ. ನಾ ಮ್ಯಾಡಿ ತಗೊಂಡಂವ. 75 ಓಮಿನ ಒಂದು ಕೇಬಲ್ ಎಳದ್ರ 48 ಕಿಲೋಹರ್ಟ್ಸಿನ್ಯಾಗ 64 ಚಾನೆಲ್ ಹೋಗ್ತಾವ, ನೂರು ಮೀಟರ್ ದೂರ ಇದ್ರೂ ನಡೀತದ. ಸೆಕೆಂಡ್ ಹ್ಯಾಂಡ್ ಕಾರ್ಡಿಗೆ ₹22,000, ಅದಕ್ಕ ಹೊಂದೂ ಕನ್ವರ್ಟರಿಗೆ ₹38,000. ಛಂದ ನಡದಿತ್ತು. ಆಮ್ಯಾಲ ಸಿಡಿಲು ಬಡದು ಮದರ್‌ಬೋರ್ಡ್ ಸುಟ್ಟು ಹೋತು. ಕಾರ್ಡ್ ಹಳೇ ಪಿಸಿಐ, ಈಗಿನ ಬೋರ್ಡಿನ್ಯಾಗ ಆ ಸ್ಲಾಟ್ ಇಲ್ಲ. ಹುಬ್ಬಳ್ಳಿ, ಬೆಳಗಾವಿ ಎಲ್ಲಾ ತಿರುಗಿ ಹಳೇ ಬೋರ್ಡ್ ಒಂದು ತಂದೆ, ₹3,500. ಒಂದು ವಾರಕ್ಕ ಸತ್ತಿತು. ಸ್ಲಾಟ್ ಬದಲಿಸೂ ಅಡಾಪ್ಟರ್ ₹2,900. ಅದನ್ನ ಹಾಕಿದ್ರ ಆಲಾಪದಾಗ ಚಟ್ ಚಟ್. ಅರವತ್ತು ಸಾವಿರದ ಸಾಮಾನು ಕಪಾಟಿನ್ಯಾಗ ಕುಂತದ, ನೋಡಿದಾಗೊಮ್ಮೆ ಹೊಟ್ಟಿ ಉರೀತದ.

ಈಗ ಬೈಠಕ್ಕಿಗೆ ಒಂದು ಜೋಡಿ ಮೈಕ್ ಅಷ್ಟ. 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ತಂಬೂರಿ, ತಬಲಾ, ಗಾಯಕ ಎಲ್ಲಾ ತಮ್ಮ ತಮ್ಮ ಜಾಗಾದಾಗ ಕೇಳ್ತಾರ. ತಾಳಮದ್ದಳಿಗೆ ಎಂಟು ಮೈಕ್ ಯಾಕ ಬೇಕ್ರಿ? ಮ್ಯಾಲ ಏಡ್ಯಾಟ್ 96 ಕಿಲೋಹರ್ಟ್ಸಿಗೆ ಹೋತು ಅಂದ್ರ ಎಂಟು ಚಾನೆಲ್ ನಾಲ್ಕಕ್ಕ ಇಳೀತಾವ. 96 ಇಲ್ಲದ್ದು ರೆಕಾರ್ಡಿಂಗ್ ಅಲ್ಲ.

ಚಂಡೆಕಿವಿ, ಉಡುಪಿ: ಎಂತ ಮಾತು ಇದು? ನಿಮ್ಮ ಬೈಠಕ್ಕಿನಲ್ಲಿ ಗಾಯಕರ ಪಕ್ಕ ಚಂಡೆ ಬಾರಿಸುತ್ತಾರಾ? ಚಂಡೆಯ ಎದುರು ಎರಡು ಮೈಕ್ ಇಟ್ಟು ಪದ್ಯದ ಸಾಹಿತ್ಯ ಬಿಡಿಸಿ ಕೇಳಿಸಿ, ಆಮೇಲೆ ಮಾತಾಡುವ. ಅರ್ಥಧಾರಿ ಸ್ವರ ತಗ್ಗಿಸಿ ಒಂದು ಶಬ್ದ ಆಡುತ್ತಾನೆ, ಇಡೀ ಸಂವಾದದ ಜೀವ ಅದರಲ್ಲಿ ಇರುತ್ತದೆ. ಅದಕ್ಕೆ ಅವನ ಎದುರು ಮೈಕ್ ಬೇಕು, ಅದರದ್ದೇ ಟ್ರ್ಯಾಕ್ ಬೇಕು. ನಮ್ಮ ಕಲೆ ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಬೈಠಕ್, ಧಾರವಾಡ: ನಿಮ್ಮ ಕಲೆ, ನಮ್ಮ ಕಲೆ ಅಂತ ನಾ ಅಂದಿಲ್ಲ. ನಮ್ಮ ಕಡೆ ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ ಎಲ್ಲಾ ಅದಾವ. ಕೂತು ಕೇಳೀನಿ.

ಸಿರ್ಸಿ ಪೆಟ್ಟಿಗೆ: ನನಗೆ 48 ಸಾಕು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಹಮ್ ಬರುತ್ತದೆ, ತೆಗೆದರೆ ಇಲ್ಲ. ಯುಎಸ್‌ಬಿ ದಾರಿ ಹಿಡಿದರೆ ಐಸೊಲೇಟರ್ (ಗ್ರೌಂಡ್ ತುಂಡು ಮಾಡುವ ಸಾಧನ) ಹಾಕಬಹುದಾ?

ಮ್ಯೂನಿಕ್‌ನಿಂದ: ಐಸೊಲೇಟರ್ ವಿಚಾರದಲ್ಲಿ ನನಗೆ 40 ಯೂರೋ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅಗ್ಗದ ಐಸೊಲೇಟರ್‌ಗಳೆಲ್ಲ ಸೆಕೆಂಡಿಗೆ 12 ಮೆಗಾಬಿಟ್‌ನವು. 32 ಬಿಟ್ ಸ್ಲಾಟಿನಲ್ಲಿ ಎಂಟು ಚಾನೆಲ್ 48 ಕಿಲೋಹರ್ಟ್ಸ್ ಎಂದರೆ ಡೇಟಾ ಒಂದೇ 12.288. ಹೋಗುವುದೇ ಇಲ್ಲ. 480 ಮೆಗಾಬಿಟ್‌ನದ್ದು ಬೇಕು, ಅದರ ಬೆಲೆ ನಾಲ್ಕೈದು ಪಟ್ಟು. ಏಡ್ಯಾಟಿನಲ್ಲಿ ಪ್ರಿಆಂಪ್ ಕಡೆಗೂ ಲ್ಯಾಪ್‌ಟಾಪ್ ಕಡೆಗೂ ನಡುವೆ ಇರುವುದು ಬೆಳಕು ಮಾತ್ರ, ಗ್ರೌಂಡ್ ತಾನಾಗಿ ತುಂಡಾಗುತ್ತದೆ. ನಾನು ಇಲ್ಲಿ ಕನ್ನಡ ಸಂಘದ ಸಂಗೀತ ಕಚೇರಿಗಳನ್ನು ಹಾಗೇ ರೆಕಾರ್ಡ್ ಮಾಡುವುದು.

96ರ ಜಗಳಕ್ಕೆ: 24 ಬಿಟ್, ಎಂಟು ಚಾನೆಲ್, 48ರಲ್ಲೇ ಗಂಟೆಗೆ 4 ಜಿಬಿ ದಾಟುತ್ತದೆ. ಎಂಟನ್ನೂ ಒಂದೇ ವೇವ್ ಫೈಲಿಗೆ ಬರೆದರೆ ಸುಮಾರು 62 ನಿಮಿಷಕ್ಕೆ ಫೈಲಿನ ಗಡಿ ಮುಟ್ಟುತ್ತದೆ. 96ರಲ್ಲಿ ಅರ್ಧ ಗಂಟೆಗೇ. ತಾಳಮದ್ದಳೆಗೆ ಚಾನೆಲ್‌ಗೊಂದು ಫೈಲ್ ಮಾಡಿ, ಇಲ್ಲವೇ ಆರ್‌ಎಫ್64ಗೆ (ಇನ್ನೂ ದೊಡ್ಡ ಫೈಲ್ ಹಿಡಿಯುವ ವೇವ್ ರೂಪ) ಹೋಗಿ.

ಬೆಸುಗೆ ಹೊಗೆ, ಬೆಂಗಳೂರು: ಹಮ್‌ಗೆ ಐಸೊಲೇಟರ್ ಯಾಕೆ? ಪ್ರಿಆಂಪ್ ಔಟ್‌ಪುಟ್ ಬ್ಯಾಲೆನ್ಸ್ಡ್ ಮಾಡಿ, ಶೀಲ್ಡನ್ನ ಡಬ್ಬ ಹೊಕ್ಕ ಜಾಗದಲ್ಲೇ ಕವಚಕ್ಕೆ ಬೆಸೆಯಿರಿ. ನನ್ನದು ಚಾರ್ಜರ್ ಹಾಕಿಯೂ ಮೌನ. ಬೆಳಕಿನ ಹಿಂದೆ ಅಡಗಿಕೊಳ್ಳೋದು ವೈರಿಂಗ್ ಬಾರದವರ ಕೆಲಸ.

ಮ್ಯೂನಿಕ್‌ನಿಂದ: ದೇವಸ್ಥಾನದ ಸಭಾಭವನದಲ್ಲಿ, ಅರ್ಥಿಂಗ್ ಸರಿಯಿಲ್ಲದ ಪ್ಲಗ್ಗಿನಲ್ಲಿ, ಅವರದೇ ಪಿಎ ಸಿಸ್ಟಮ್ಮಿಗೂ ತಂತಿ ಕೊಟ್ಟು ನೋಡಿ. ಮನೆಯ ಮೇಜಿನ ಮೌನ ಅಲ್ಲಿ ನಿಲ್ಲುವುದಿಲ್ಲ. ಊರಿಗೆ ಬಂದಾಗಲೆಲ್ಲ ನಾನು ಹಾಗೇ ಹಿಡಿದಿದ್ದೇನೆ.

ಬೆಸುಗೆ ಹೊಗೆ, ಬೆಂಗಳೂರು: ಅಲ್ಲೂ ನೋಡಿದ್ದೀನಿ. ಪಿಎಗೆ ಕೊಡೋ ತಂತಿಗೆ ಟ್ರಾನ್ಸ್‌ಫಾರ್ಮರ್ ಹಾಕಿ, ಮುಗೀತು. ಅಂದಹಾಗೆ ಧಾರವಾಡದವರೇ, ಆ ಮ್ಯಾಡಿ ಕಾರ್ಡ್ ಕೊಡ್ತೀರಾ? ನನ್ನ ಹತ್ತಿರ ಪಿಸಿಐ ಸ್ಲಾಟ್ ಇರೋ ಹಳೇ ಮೆಷಿನ್ ಇದೆ. ₹9,000.

ಬೈಠಕ್, ಧಾರವಾಡ: ಒಂಬತ್ತಕ್ಕ? ₹22,000 ಕೊಟ್ಟೀನ್ರಿ. ಹದಿನೆಂಟಕ್ಕ ಕಮ್ಮಿ ಇಲ್ಲ, ಕನ್ವರ್ಟರ್ ಬ್ಯಾರೆ.

ಬೆಸುಗೆ ಹೊಗೆ, ಬೆಂಗಳೂರು: ಕಪಾಟಲ್ಲಿ ಕೂತಿರೋ ಕಾರ್ಡಿಗೆ ಹದಿನೆಂಟಾ? ಹನ್ನೊಂದು. ಓಡ್ತಾ ಇದೆ ಅಂತ ಮೊದಲು ತೋರಿಸಿ.

ಬೈಠಕ್, ಧಾರವಾಡ: ತೋರಸಾಕ ಸ್ಲಾಟ್ ಇದ್ದಿದ್ರ ನಾ ಮಾರತಿದ್ದಿಲ್ಲ. ನಿಮ್ಮ ಮೆಷಿನ್ ಹೊತಗೊಂಡು ಧಾರವಾಡಕ್ಕ ಬರ್ರಿ, ಹಾಕಿ ನೋಡ್ರಿ. ಹದಿನಾರು.